ಮೂವತ್ತು ಇಂಚು ಹಿಮ ಅಂದರೆ ನಮ್ಮ ಲೆಕ್ಕದಲ್ಲಿ ಎಷ್ಟು ಮಳೆ? ಹಿಮಬಿರುಗಾಳಿಗಳನ್ನು ಅಳೆಯುವ ಬಗೆ

ಜೂನ್ ಬಂತೆಂದರೆ ಕೊಡಗಿನಲ್ಲಿ ದಾರಿಯಲ್ಲಿ ಸಿಕ್ಕವರು ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟು?" ಎಂದು. ಎಷ್ಟು ಅಂದರೆ ಎಷ್ಟು ಇಂಚು ಮಳೆ. ಬೆಳಿಗ್ಗೆ ಎದ್ದು ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಡೈರಿಗೆ ಬರೆದಿಡುವ ರೂಢಿ ತೋಟದ ಮನೆಗಳಲ್ಲಿ ತಲೆಮಾರುಗಳಿಂದ ಇದೆ. ಹಾಗಾಗಿ ಕಳೆದ ಜನವರಿಯಲ್ಲಿ ಪಕ್ಕದ ತೋಟದ ಹಿರಿಯರು ನನ್ನನ್ನು ಕೇಳಿದ ಪ್ರಶ್ನೆ ಎಲ್ಲಿಂದ ಹುಟ್ಟಿತೆಂದು ನನಗೆ ಗೊತ್ತಾಯಿತು. ಅಮೆರಿಕದಲ್ಲಿರುವ ಮಗಳು ಹಳೆಯ ವಿಡಿಯೊ ಒಂದನ್ನು ಕಳಿಸಿದ್ದಳು. ಬೀದಿಯ ತುಂಬ ಬಿಳಿ ದಿಬ್ಬಗಳು, ಕಾರುಗಳ ನೆತ್ತಿ ಮಾತ್ರ ಕಾಣುತ್ತಿತ್ತು.

"ಮೂವತ್ತು ಇಂಚಂತೆ. ಮಳೆ ಲೆಕ್ಕದಲ್ಲಿ ಎಷ್ಟಾಯ್ತು ಮಾರಾಯ್ರೆ ಇದು? ಮತ್ತೆ ಚಂಡಮಾರುತಕ್ಕೆ ಕೊಟ್ಟ ಹಾಗೆ ಇದಕ್ಕೂ ನಂಬರ್ ಕೊಡ್ತಾರಾ?"

ಮೊದಲ ಪ್ರಶ್ನೆಗೆ ಉತ್ತರ ಒಂದು ಸಾಲಿನದು. ಎರಡನೆಯದಕ್ಕೆ ಉತ್ತರ ಹೇಳಲು ಹೊರಟರೆ ಮುನ್ನೂರು ವರ್ಷಗಳ ಕಥೆ ಹೇಳಬೇಕಾಗುತ್ತದೆ. ಮಕ್ಕಳು ಕೆನಡಾ, ಅಮೆರಿಕಗಳಲ್ಲಿರುವ ಮನೆಗಳು ಇಲ್ಲಿ ಹೆಚ್ಚುತ್ತಿವೆ. ಲಡಾಖ್, ಸಿಯಾಚಿನ್ ಕಡೆ ಸೇನೆಯಲ್ಲಿರುವವರ ಮನೆಗಳಂತೂ ಮೊದಲಿನಿಂದಲೂ ಇವೆ. ಹಿಮ ನೋಡದ ನಮ್ಮೂರಿನಲ್ಲೂ ಹಿಮದ ಸುದ್ದಿಗೆ ಎದೆ ಹೊಡೆದುಕೊಳ್ಳುವವರಿದ್ದಾರೆ ಎಂಬ ಕಾರಣಕ್ಕೆ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮಂಜು ಬೇರೆ, ಹಿಮ ಬೇರೆ

ಮಡಿಕೇರಿಯನ್ನು ಮಂಜಿನ ನಗರಿ ಅನ್ನುತ್ತೇವೆ. ಆ ಮಂಜು ನೆಲಕ್ಕಿಳಿದ ಮೋಡ, ಅಂದರೆ ತೇಲುವ ಸಣ್ಣ ನೀರಹನಿಗಳು. ಹಿಮ ಎಂದರೆ ಮೋಡದೊಳಗೆ ನೀರಾವಿ ನೇರವಾಗಿ ಹರಳುಗಟ್ಟಿ, ಹರಳುಗಳು ಒಂದಕ್ಕೊಂದು ಅಂಟಿ ಅರಳೆಯಂತೆ ಇಳಿಯುವುದು. ಏಪ್ರಿಲ್‌ನಲ್ಲಿ ನಮ್ಮ ತೋಟಕ್ಕೆ ಬೀಳುವ ಆಲಿಕಲ್ಲು ಇವೆರಡೂ ಅಲ್ಲ. ಅದು ಗುಡುಗುಮೋಡದೊಳಗೆ ಮೇಲೆ ಕೆಳಗೆ ಸುತ್ತಿ ಪದರ ಪದರವಾಗಿ ಬೆಳೆದ ಮಂಜುಗಡ್ಡೆಯ ಉಂಡೆ.

ಪತ್ರಿಕೆಗಳಲ್ಲಿ "ಹಿಮಪಾತ" ಎಂಬ ಒಂದೇ ಪದವನ್ನು ಎರಡು ಬೇರೆ ಸಂಗತಿಗಳಿಗೆ ಬಳಸುತ್ತಾರೆ. ಆಕಾಶದಿಂದ ಹಿಮ ಬೀಳುವುದಕ್ಕೂ ಅದೇ, ಬೆಟ್ಟದ ಇಳಿಜಾರಿನಲ್ಲಿ ಕೂತ ಹಿಮದ ರಾಶಿ ಒಮ್ಮೆಲೇ ಜಾರುವುದಕ್ಕೂ ಅದೇ. ಎರಡನೆಯದನ್ನು ಹಿಮಕುಸಿತ ಎಂದರೆ ಗೊಂದಲವಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಯೋಧರನ್ನು ಹೂತುಹಾಕಿದ್ದು ಹಿಮಕುಸಿತ. ಆರು ದಿನಗಳ ನಂತರ ಜೀವಂತ ಸಿಕ್ಕಿ, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆತಾರು? ನಾನೀಗ ಹೇಳುತ್ತಿರುವುದು ಮೂರನೆಯ ಸಂಗತಿ: ಹಿಮಬಿರುಗಾಳಿ, ಇಂಗ್ಲಿಷಿನವರ ಬ್ಲಿಝರ್ಡ್.

ಬ್ಲಿಝರ್ಡ್ ಎನಿಸಿಕೊಳ್ಳಲು ಹಿಮ ಬೀಳಲೇಬೇಕೆಂದಿಲ್ಲ

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಇದಕ್ಕೆ ಮೂರು ಷರತ್ತು ಇಟ್ಟಿದೆ. ಗಾಳಿ ಗಂಟೆಗೆ 56 ಕಿಲೋಮೀಟರ್ ಅಥವಾ ಅದಕ್ಕೂ ವೇಗವಾಗಿ ಬೀಸುತ್ತಿರಬೇಕು. ಬೀಳುವ ಇಲ್ಲವೇ ಹಾರುವ ಹಿಮದಿಂದಾಗಿ 400 ಮೀಟರ್ ಆಚೆಗೆ ಏನೂ ಕಾಣಬಾರದು. ಈ ಸ್ಥಿತಿ ಕನಿಷ್ಠ ಮೂರು ಗಂಟೆ ಮುಂದುವರಿಯಬೇಕು. ಕೆನಡಾದಲ್ಲಿ ಗಾಳಿಯ ವೇಗ 40 ಕಿಲೋಮೀಟರ್ ಇದ್ದರೆ ಸಾಕು, ಆದರೆ ಅದು ನಾಲ್ಕು ಗಂಟೆ ನಿಲ್ಲಬೇಕು.

ಗಮನಿಸಿ, ಎಷ್ಟು ಇಂಚು ಹಿಮ ಬೀಳಬೇಕೆಂಬ ಮಾತೇ ಇದರಲ್ಲಿಲ್ಲ. ನಮ್ಮ ಮಳೆಯ ಮನಸ್ಸಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ನೆಲದಲ್ಲಿ ಮೊದಲೇ ಬಿದ್ದಿರುವ ಒಣ ಹಿಮವನ್ನು ಗಾಳಿ ಎತ್ತಿ ಹಾರಿಸಿದರೂ ಅದು ಬ್ಲಿಝರ್ಡ್. ಜುಲೈಯಲ್ಲಿ ರಾಜಾಸೀಟಿನ ಕಟ್ಟೆಯ ಮೇಲೆ ನಿಂತಾಗ ಕಣಿವೆಯಿಂದ ಮಂಜು ನುಗ್ಗಿ, ಕೈಹಿಡಿದವರ ಮುಖವೂ ಮಸುಕಾಗುವುದನ್ನು ನೋಡಿದ್ದೀರಲ್ಲ? ಆ ಮಂಜಿನ ಹನಿಗಳೆಲ್ಲ ಸೂಜಿಮೊನೆಯಂಥ ಹರಳಾಗಿ, ಸಿಲ್ವರ್ ಓಕ್ ಮರಗಳನ್ನು ಬಾಗಿಸುವಂಥ ಗಾಳಿಯಲ್ಲಿ ಅಡ್ಡಡ್ಡ ಬಂದು ಕಣ್ಣಿಗೆ ಬಡಿದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ನೆಲ ಯಾವುದು, ಆಕಾಶ ಯಾವುದು ಎಂದು ತಿಳಿಯುವುದಿಲ್ಲ. ಕೊಟ್ಟಿಗೆಗೆ ಹೋದವರು ಮನೆಗೆ ಮರಳುವ ದಾರಿ ತಪ್ಪಿ ಹತ್ತಾರು ಮಾರು ದೂರದಲ್ಲೇ ಸತ್ತ ಉದಾಹರಣೆಗಳು ಇರುವುದು ಇದೇ ಕಾರಣಕ್ಕೆ.

ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ 1977ರ ಜನವರಿ ಕೊನೆಯಲ್ಲಿ ಆದದ್ದು ಹೀಗೆ. ಪಕ್ಕದ ಈರಿ ಸರೋವರ ಡಿಸೆಂಬರ್‌ನಲ್ಲೇ ಹೆಪ್ಪುಗಟ್ಟಿತ್ತು. ಅದರ ಮೇಲೆ ವಾರಗಟ್ಟಲೆ ಹಿಮ ಕೂತಿತ್ತು. ಬಿರುಗಾಳಿ ಬಂದ ದಿನಗಳಲ್ಲಿ ಹೊಸದಾಗಿ ಬಿದ್ದ ಹಿಮ ಸುಮಾರು ಒಂದು ಅಡಿ ಮಾತ್ರ. ಆದರೆ ಗಾಳಿ ಇಡೀ ಸರೋವರದ ಮೇಲಿನ ಹಿಮವನ್ನು ಗುಡಿಸಿ ತಂದು ಊರಿನ ಮೇಲೆ ಸುರಿಯಿತು. ಮನೆಗಳ ಮಾಡಿನವರೆಗೆ ದಿಬ್ಬ ಎದ್ದವು, 29 ಜನ ಸತ್ತರು. ಅವರಲ್ಲಿ ಹೂತುಹೋದ ಕಾರುಗಳೊಳಗೆ ಸಿಕ್ಕವರೂ ಇದ್ದರು.

ಹತ್ತಕ್ಕೆ ಒಂದು

ಈಗ ಹಿರಿಯರ ಮೊದಲ ಪ್ರಶ್ನೆ. ಸಾಮಾನ್ಯ ಲೆಕ್ಕ ಹತ್ತಕ್ಕೆ ಒಂದು: ಹತ್ತು ಇಂಚು ಹಿಮ ಕರಗಿಸಿದರೆ ಒಂದು ಇಂಚು ನೀರು. ಹಿಮ ಒದ್ದೆಯಾಗಿದ್ದರೆ ಐದು ಇಂಚಿಗೇ ಒಂದು ಇಂಚು ನೀರು ಬರಬಹುದು, ಹಿಟ್ಟಿನಂತೆ ಒಣಗಿದ್ದರೆ ಇಪ್ಪತ್ತು ಇಂಚು ಬೇಕಾಗಬಹುದು. ಸರಾಸರಿಯಲ್ಲಿ ಮೂವತ್ತು ಇಂಚು ಹಿಮ ಅಂದರೆ ಮೂರು ಇಂಚು ಮಳೆ.

"ಮೂರೇ ಇಂಚಾ?" ಎಂದು ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಭಾಗಮಂಡಲದ ಕಡೆ ಮುಂಗಾರಿನ ಒಂದು ಜೋರು ದಿನಕ್ಕೆ ಅದು ಸುದ್ದಿಯೇ ಅಲ್ಲ.

ವ್ಯತ್ಯಾಸ ಇರುವುದು ಹರಿಯುವುದರಲ್ಲಿ. ನಮ್ಮ ಮೂರು ಇಂಚು ಬಿದ್ದ ಹೊತ್ತಿಗೇ ತೋಡು ಸೇರಿ, ಹೊಳೆ ಸೇರಿ, ಕಾವೇರಿಯ ಪಾಲಾಗುತ್ತದೆ. ಹಿಮ ಬಿದ್ದಲ್ಲೇ ಕೂರುತ್ತದೆ. ಮೂರು ಇಂಚು ನೀರಿನ ತೂಕ ಒಂದು ಚದರ ಮೀಟರಿಗೆ ಸುಮಾರು 76 ಕಿಲೋ. ನೂರು ಚದರ ಮೀಟರಿನ ಮಾಡು ಎಂದರೆ 7,600 ಕಿಲೋ, ಅಂದರೆ ಐವತ್ತು ಕಿಲೋದ ಕಾಫಿ ಮೂಟೆ ನೂರೈವತ್ತಕ್ಕೂ ಹೆಚ್ಚು ಮನೆಯ ಮೇಲೆ ಹೇರಿದಂತೆ. ಅಷ್ಟನ್ನೂ ರಸ್ತೆಯಿಂದ, ರೈಲು ಹಳಿಯಿಂದ, ಬಾಗಿಲ ಮುಂದಿನಿಂದ ಗುದ್ದಲಿಯಲ್ಲೋ ಯಂತ್ರದಲ್ಲೋ ಎತ್ತಿ ಇನ್ನೆಲ್ಲಿಗಾದರೂ ಸಾಗಿಸಬೇಕು.

ಅಳೆಯುವ ಕೆಲಸವೂ ಮಳೆಯಷ್ಟು ಸಲೀಸಲ್ಲ. ಹಿಮ ಕೂತಂತೆಲ್ಲ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಅದಕ್ಕೆ ಬಯಲಿನಲ್ಲಿ ಬಿಳಿ ಬಣ್ಣದ ಹಲಗೆಯೊಂದನ್ನಿಟ್ಟು, ಅದರ ಮೇಲಿನ ಹಿಮವನ್ನು ಅಳೆದು ಒರೆಸಿ ಮತ್ತೆ ಇಡುತ್ತಾರೆ. ಹೀಗೆ ಒರೆಸಲು ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಅವಕಾಶವಿಲ್ಲ. ಗಂಟೆಗೊಮ್ಮೆ ಅಳೆದರೆ ಕುಗ್ಗಲು ಸಮಯ ಸಿಗದೆ ಮೊತ್ತ ಸುಳ್ಳೇ ಹಿಗ್ಗುತ್ತದೆ.

ಇಷ್ಟು ಹಿಮ ಎಲ್ಲಿಂದ?

ಮುಂಗಾರಿಗೆ ಅರಬ್ಬೀ ಸಮುದ್ರದ ತೇವ ಬೇಕು, ಅದನ್ನು ತಡೆದು ಮೇಲೆತ್ತಲು ನಮ್ಮ ಘಟ್ಟ ಬೇಕು. ಹಿಮಬಿರುಗಾಳಿಗೆ ಘಟ್ಟದ ಕೆಲಸವನ್ನು ತಣ್ಣನೆಯ ಗಾಳಿಯೇ ಮಾಡುತ್ತದೆ. ಉತ್ತರ ಧ್ರುವದ ಕಡೆಯಿಂದ ಇಳಿದ ಭಾರವಾದ ಶೀತಗಾಳಿ ನೆಲಕ್ಕಂಟಿ ಕೂರುತ್ತದೆ. ಸಮುದ್ರದ ಕಡೆಯಿಂದ ಬಂದ ಬೆಚ್ಚನೆಯ ತೇವದ ಗಾಳಿ ಅದರ ಮೇಲೆ ಇಳಿಜಾರು ಹತ್ತುವಂತೆ ಹತ್ತಿ, ತಣಿದು, ಹಿಮವಾಗಿ ಇಳಿಯುತ್ತದೆ. ಎರಡೂ ಸೇರುವಲ್ಲಿ ವಾಯುಭಾರ ಕುಸಿಯುತ್ತದೆ. ಕುಸಿತ ಆಳವಾದಷ್ಟೂ ಸುತ್ತಲಿನ ಗಾಳಿ ಅಲ್ಲಿಗೆ ಜೋರಾಗಿ ನುಗ್ಗುತ್ತದೆ. ಅಮೆರಿಕದ ಪೂರ್ವ ಕರಾವಳಿಗೆ ಪದೇ ಪದೇ ಈ ಗತಿ ಬರಲು ಕಾರಣ ಪಕ್ಕದಲ್ಲೇ ಹರಿಯುವ ಗಲ್ಫ್ ಸ್ಟ್ರೀಮ್ ಎಂಬ ಬಿಸಿನೀರಿನ ಸಾಗರ ಪ್ರವಾಹ. ಹಿಮಾಲಯಕ್ಕೆ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಇರಾನ್ ದಾಟಿ ಬರುವ, ಪಶ್ಚಿಮದ ಪ್ರಕ್ಷುಬ್ಧತೆಗಳೆಂಬ ವಾಯುಭಾರ ಕುಸಿತಗಳು.

ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತವೂ ಹಿಮವಾಗಬಲ್ಲದು. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್ ದುರ್ಬಲವಾಗುತ್ತ ಉತ್ತರಕ್ಕೆ ಸರಿದು, ಎರಡು ದಿನಗಳಲ್ಲಿ ತನ್ನ ತೇವವನ್ನೆಲ್ಲ ನೇಪಾಳದ ಅನ್ನಪೂರ್ಣ ಶ್ರೇಣಿಯ ಮೇಲೆ ಹಿಮವಾಗಿ ಸುರಿಯಿತು. ಥೊರೋಂಗ್ ಲಾ ಕಣಿವೆದಾರಿ ದಾಟುತ್ತಿದ್ದ ಚಾರಣಿಗರು, ಸಹಾಯಕರು ಸೇರಿ ಆ ಪ್ರದೇಶದಲ್ಲಿ ನಲವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅದು ಚಾರಣಕ್ಕೆ ಒಳ್ಳೆಯ ಕಾಲವೆಂದೇ ಹೆಸರಾದ ತಿಂಗಳು.

ಇತಿಹಾಸ ಮರೆಯದ ಕೆಲವು

1719ರ ಜನವರಿ. ಸ್ವೀಡನ್ನಿನ ದೊರೆ ಹನ್ನೆರಡನೇ ಚಾರ್ಲ್ಸ್ ನಾರ್ವೆಯ ಯುದ್ಧದಲ್ಲಿ ಸತ್ತ ಸುದ್ದಿ ತಿಳಿದು, ಸೇನಾಪತಿ ಆರ್ಮ್‌ಫೆಲ್ಟ್ ತನ್ನ ದಂಡನ್ನು ಟೀಡಾಲ್ ಬೆಟ್ಟಗಳ ಮೇಲಿಂದ ಊರಿಗೆ ತಿರುಗಿಸಿದ. ಅರ್ಧದಾರಿಯಲ್ಲಿ ಹಿಮಬಿರುಗಾಳಿ ಹಿಡಿಯಿತು. ಸೈನಿಕರು ಬೆಂಕಿಗಾಗಿ ಕೋವಿಯ ಮರದ ಹಿಡಿಗಳನ್ನೇ ಸುಟ್ಟರು. ಸುಮಾರು 3,000 ಮಂದಿ ಬೆಟ್ಟದಲ್ಲೇ ಸತ್ತರು. ಶತ್ರು ಅವರ ಮೇಲೆ ಒಂದು ಗುಂಡನ್ನೂ ಹಾರಿಸಬೇಕಾಗಲಿಲ್ಲ. ಕೋವಿಗೆ ಪೂಜೆ ಸಲ್ಲಿಸುವ ನಾಡಿನಲ್ಲಿ ಕೂತು ಇದನ್ನು ಓದುವಾಗ ಆ ಸೈನಿಕರ ಅಸಹಾಯಕತೆ ನನ್ನನ್ನು ಬಹಳ ಹೊತ್ತು ಕಾಡಿತು. ಹಿಮದಲ್ಲಿ ದಂಡು ನಡೆಸುವುದರ ಕಷ್ಟ ಏನೆಂಬುದು ಕೊಡಗಿಗೆ ಗೊತ್ತಿಲ್ಲದ್ದಲ್ಲ. ಮಡಿಕೇರಿಯಲ್ಲಿ ಹುಟ್ಟಿದ ಸೇನಾನಿ ತಿಮ್ಮಯ್ಯನವರು 1948ರ ನವೆಂಬರ್ 1ರಂದು ಕಾಶ್ಮೀರದಿಂದ ಲಡಾಖ್‌ಗೆ ಹೋಗುವ, ಹನ್ನೊಂದು ಸಾವಿರ ಅಡಿಗೂ ಎತ್ತರದ ಝೋಜಿಲಾ ಕಣಿವೆದಾರಿಗೆ ಟ್ಯಾಂಕುಗಳನ್ನು ಹತ್ತಿಸಿದ್ದು ಚಳಿಗಾಲ ಬಂದು ದಾರಿ ಮುಚ್ಚುವ ಅಂಚಿನಲ್ಲೇ. ಅವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ.

1888ರಲ್ಲಿ ಅಮೆರಿಕ ಎರಡು ಹಿಮಬಿರುಗಾಳಿಗಳನ್ನು ಕಂಡಿತು. ಜನವರಿ 12ರದನ್ನು ಅಲ್ಲಿಯವರು ಶಾಲಾಮಕ್ಕಳ ಬಿರುಗಾಳಿ ಎನ್ನುತ್ತಾರೆ. ಕಟುಚಳಿಯ ದಿನಗಳ ನಂತರ ಆ ಬೆಳಿಗ್ಗೆ ಹಿತವಾಗಿತ್ತು. ಡಕೋಟಾ, ನೆಬ್ರಾಸ್ಕ ಬಯಲುಗಳ ಮಕ್ಕಳು ದಪ್ಪ ಕೋಟುಗಳನ್ನು ಮನೆಯಲ್ಲೇ ಬಿಟ್ಟು ಶಾಲೆಗೆ ಹೋದರು. ಬಿಡುವ ಹೊತ್ತಿಗೆ ಆಕಾಶ ಒಮ್ಮೆಲೇ ಕವಿಯಿತು, ತಾಪಮಾನ ಪಾತಾಳಕ್ಕಿಳಿಯಿತು. ಸತ್ತವರ ಸಂಖ್ಯೆ 235 ಎಂದು ಲೆಕ್ಕ. ನೆಬ್ರಾಸ್ಕದ ಮಿನ್ನಿ ಫ್ರೀಮನ್ ಎಂಬ ಎಳೆಯ ಶಿಕ್ಷಕಿ, ಶಾಲೆಯ ಮಾಡು ಹಾರಿಹೋದಾಗ ಮಕ್ಕಳನ್ನೆಲ್ಲ ಒಟ್ಟುಗೂಡಿಸಿ ದೂರದ ತೋಟದ ಮನೆಯೊಂದಕ್ಕೆ ನಡೆಸಿಕೊಂಡು ಹೋದರು. ಅವರ ಕೈಗಿದ್ದ ಮಕ್ಕಳೆಲ್ಲ ಬದುಕಿದರು.

ಎರಡು ತಿಂಗಳ ನಂತರ, ಮಾರ್ಚ್ 11ರಿಂದ 14ರವರೆಗೆ, ಸರದಿ ನ್ಯೂಯಾರ್ಕಿನದು. ನಗರದಲ್ಲಿ ಬಿದ್ದದ್ದು ಸುಮಾರು 21 ಇಂಚು, ಅಂದರೆ ನಮ್ಮ ಎರಡು ಇಂಚು ಮಳೆ. ಆದರೆ ಗಾಳಿ ಅದನ್ನು ಮಹಡಿ ಕಿಟಕಿಗಳ ಎತ್ತರಕ್ಕೆ ರಾಶಿ ಹಾಕಿತು. ಬೀದಿಯ ಮೇಲೆ ಹಾದಿದ್ದ ತಂತಿಗಳು ತುಂಡಾದವು, ಎತ್ತರದ ಕಂಬಗಳ ಮೇಲೆ ಓಡುತ್ತಿದ್ದ ರೈಲುಗಳು ಪ್ರಯಾಣಿಕರ ಸಮೇತ ನಿಂತವು. ಪೂರ್ವ ಕರಾವಳಿಯಲ್ಲಿ 400ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಸುಮಾರು ಅರ್ಧ ನ್ಯೂಯಾರ್ಕ್ ನಗರವೊಂದರಲ್ಲೇ. ತಂತಿಗಳನ್ನು ನೆಲದೊಳಗೆ ಹೂಳಬೇಕು, ರೈಲನ್ನು ನೆಲದಡಿ ಓಡಿಸಬೇಕು ಎಂಬ ಮಾತಿಗೆ ಬಲ ಬಂದದ್ದು ಆಗ. ಬಾಸ್ಟನ್‌ನಲ್ಲಿ 1897ರಲ್ಲಿ, ನ್ಯೂಯಾರ್ಕಿನಲ್ಲಿ 1904ರಲ್ಲಿ ಸುರಂಗ ರೈಲು ಶುರುವಾಯಿತು.

ಸಾವಿನ ಲೆಕ್ಕದಲ್ಲಿ ದಾಖಲೆಯಲ್ಲಿರುವ ಅತಿ ಘೋರ ಹಿಮಬಿರುಗಾಳಿ ಇರಾನಿನದು. ನಾಲ್ಕು ವರ್ಷ ಬರ ಅನುಭವಿಸಿದ ಹಳ್ಳಿಗಳ ಮೇಲೆ 1972ರ ಫೆಬ್ರವರಿ 3ರಿಂದ ಒಂದು ವಾರ ಹಿಮ ಸುರಿಯಿತು. ಕೆಲವೆಡೆ ಎಂಟು ಮೀಟರ್ ಆಳದವರೆಗೂ ರಾಶಿ ಬಿತ್ತೆಂದು ವರದಿಗಳು ಹೇಳುತ್ತವೆ. ಸುಮಾರು 4,000 ಜನ ಸತ್ತರೆಂದು ಅಂದಾಜು. ಕಕ್ಕಾನ್, ಕುಮಾರ್ ಎಂಬ ಹಳ್ಳಿಗಳಲ್ಲಿ ಒಬ್ಬರೂ ಉಳಿಯಲಿಲ್ಲ.

ದರ್ಜೆ ಕೊಡುವುದು ಹೇಗೆ?

ಚಂಡಮಾರುತಕ್ಕೆ ಗಾಳಿಯ ವೇಗ ನೋಡಿ ದರ್ಜೆ ಕೊಡಬಹುದು. ಹಿಮಬಿರುಗಾಳಿಗೆ ಬಹುಕಾಲ ಯಾವ ಅಂಕೆಯೂ ಇರಲಿಲ್ಲ. 2004ರಲ್ಲಿ ಪಾಲ್ ಕೋಸಿನ್ ಮತ್ತು ಲೂಯಿ ಉಚೆಲಿನಿ ಎಂಬ ಹವಾಮಾನ ತಜ್ಞರು ಈಶಾನ್ಯ ಅಮೆರಿಕದ ಹಿಮಗಾಳಿಗಳಿಗಾಗಿ ಒಂದು ಸೂಚ್ಯಂಕ ರೂಪಿಸಿದರು. ಅದರ ಚುಟುಕು ಹೆಸರು ನೆಸಿಸ್.

ಇದನ್ನು ಅರ್ಥ ಮಾಡಿಕೊಳ್ಳಲು ಕಾಫಿ ಕ್ಯೂರಿಂಗ್ ನೆನಪಿಸಿಕೊಳ್ಳಿ. ಬೀಜವನ್ನು ಬೇರೆ ಬೇರೆ ತೂತಿನ ಜರಡಿಗೆ ಹಾಕಿ, ಯಾವುದರ ಮೇಲೆ ನಿಲ್ಲುತ್ತದೆಂದು ನೋಡಿ ಎ, ಬಿ, ಸಿ ಎಂದು ದರ್ಜೆ ಮಾಡುತ್ತಾರಲ್ಲ, ನೆಸಿಸ್ ನೆಲವನ್ನೇ ಹಾಗೆ ಜರಡಿ ಹಿಡಿಯುತ್ತದೆ. ಜರಡಿಗಳು ನಾಲ್ಕು: 4 ಇಂಚು, 10 ಇಂಚು, 20 ಇಂಚು, 30 ಇಂಚು. ಪ್ರತಿ ಜರಡಿಯ ಮೇಲೆ ಎಷ್ಟು ಚದರ ಮೈಲಿ ನೆಲ ನಿಂತಿತು, ಆ ನೆಲದಲ್ಲಿ ಎಷ್ಟು ಜನ ವಾಸಿಸುತ್ತಾರೆ ಎಂದು ಲೆಕ್ಕ ಹಾಕುತ್ತಾರೆ. 30 ಇಂಚು ಬಿದ್ದ ಊರು ನಾಲ್ಕೂ ಜರಡಿಯ ಮೇಲೆ ನಿಲ್ಲುವುದರಿಂದ ನಾಲ್ಕು ಸಲವೂ ಲೆಕ್ಕಕ್ಕೆ ಸಿಗುತ್ತದೆ. ದೊಡ್ಡ ಜರಡಿಗೆ ತೂಕವೂ ಹೆಚ್ಚು: ಕ್ರಮವಾಗಿ 0.4, 1, 2, 3.

ಬಂದ ವಿಸ್ತೀರ್ಣವನ್ನೂ ಜನಸಂಖ್ಯೆಯನ್ನೂ ಒಂದು ಮಾದರಿ ಬಿರುಗಾಳಿಯೊಂದಿಗೆ ಹೋಲಿಸುತ್ತಾರೆ. ಆ ಮಾದರಿಯಲ್ಲಿ 10 ಇಂಚು ಮೀರಿ ಹಿಮ ಬಿದ್ದ ನೆಲ 91,000 ಚದರ ಮೈಲಿ, ಇಡೀ ಕರ್ನಾಟಕಕ್ಕಿಂತ ದೊಡ್ಡದು. ಅಲ್ಲಿನ ಜನ 3.54 ಕೋಟಿ. ಹೊಸ ಬಿರುಗಾಳಿಯ 10 ಇಂಚಿನ ಜರಡಿಯ ಮೇಲೆ ಸರಿಯಾಗಿ ಅಷ್ಟೇ ನೆಲ, ಅಷ್ಟೇ ಜನ ಇದ್ದರೆ ನೆಲಕ್ಕೆ ಒಂದು, ಜನಕ್ಕೆ ಒಂದು, ಒಟ್ಟು 2 ಅಂಕ. ನಾಲ್ಕೂ ಜರಡಿಯ ಅಂಕಗಳನ್ನು ಕೂಡಿದರೆ ದರ್ಜೆ ಸಿಗುತ್ತದೆ. 1ರಿಂದ 2.5ರೊಳಗಿದ್ದರೆ ಮೊದಲ ದರ್ಜೆ, 4ರೊಳಗೆ ಎರಡನೆಯದು, 6ರೊಳಗೆ ಮೂರು, 10ರೊಳಗೆ ನಾಲ್ಕು, 10 ಮತ್ತು ಅದಕ್ಕೂ ಮೇಲೆ ಐದು. ಕಾಫಿಯಲ್ಲಿ ಎ ದರ್ಜೆ ಮೇಲಿನದು, ಇಲ್ಲಿ 5 ಅತಿ ಕೆಟ್ಟದ್ದು.

ಸೂಚ್ಯಂಕ ರೂಪಿಸಿದವರು ಹಿಂದಿನ ಬಿರುಗಾಳಿಗಳನ್ನೆಲ್ಲ ಜರಡಿ ಹಿಡಿದಾಗ ಐದನೇ ದರ್ಜೆಗೆ ಏರಿದವು ಎರಡೇ. ಒಂದು 1993ರ ಮಾರ್ಚ್‌ನದು, ಫ್ಲೋರಿಡಾದಿಂದ ಕೆನಡಾದವರೆಗೆ ಹಬ್ಬಿ "ಶತಮಾನದ ಬಿರುಗಾಳಿ" ಎನಿಸಿಕೊಂಡದ್ದು. ಇನ್ನೊಂದು 1996ರ ಜನವರಿಯದು.

ನೆಸಿಸ್‌ಗೆ ಒಂದು ಮಿತಿ ಇತ್ತು. ಅದರ ಜರಡಿ ಈಶಾನ್ಯ ರಾಜ್ಯಗಳ ಅಳತೆಯದು. ಹತ್ತು ಇಂಚಿಗೆ ಬಾಸ್ಟನ್ ಬೆಚ್ಚುವುದಿಲ್ಲ, ಎರಡು ಇಂಚು ಬಿದ್ದರೆ ದಕ್ಷಿಣದ ಅಟ್ಲಾಂಟದಲ್ಲಿ ರಸ್ತೆ ನಿಲ್ಲುತ್ತದೆ. ಒಂದು ದಿನ ನಾಲ್ಕು ಇಂಚು ಮಳೆ ಭಾಗಮಂಡಲಕ್ಕೆ ಬಂದರೆ ಒಂದು ಮಾತು, ಮಳೆ ಕಡಿಮೆ ಇರುವ ಕುಶಾಲನಗರಕ್ಕೆ ಬಂದರೆ ಇನ್ನೊಂದು ಮಾತು ಅಲ್ಲವೇ? ಅದಕ್ಕೆ ಮುಂದೆ ಪ್ರಾದೇಶಿಕ ಹಿಮ ಸೂಚ್ಯಂಕ ಬಂತು. ದೇಶದ ಪೂರ್ವದ ಮೂರನೇ ಎರಡು ಭಾಗವನ್ನು ಆರು ವಲಯಗಳಾಗಿ ಮಾಡಿ, ವಲಯಕ್ಕೊಂದು ಜರಡಿ ಸೆಟ್ ಇಟ್ಟರು. ಆಗ್ನೇಯ ವಲಯದಲ್ಲಿ ಅದು 2, 5, 10, 15 ಇಂಚು. ದರ್ಜೆ ಇಲ್ಲೂ ಐದೇ, ಆದರೆ ಐದನೆಯದಕ್ಕೆ 18 ಅಂಕ ದಾಟಬೇಕು.

ಜರಡಿಗೆ ಸಿಗದ್ದು

ಬೀಜದ ಗಾತ್ರ ನೋಡಿ ಕಾಫಿಯ ರುಚಿ ಹೇಳಲಾಗುವುದಿಲ್ಲ, ಅದಕ್ಕೆ ಕುಡಿದು ನೋಡುವವರು ಬೇರೆ ಇದ್ದಾರೆ. ಹಿಮದ ದರ್ಜೆಯೂ ಹಾಗೆ. ಗಾಳಿಯ ವೇಗ ಅದರ ಲೆಕ್ಕಕ್ಕೆ ಬರುವುದಿಲ್ಲ, ಚಳಿಯೂ ಬರುವುದಿಲ್ಲ, ಎಷ್ಟು ಹೊತ್ತಿಗೆ ಶುರುವಾಯಿತೆಂಬುದೂ ಬರುವುದಿಲ್ಲ, ಸತ್ತವರ ಸಂಖ್ಯೆಯೂ ಇಲ್ಲ.

1978ರ ಫೆಬ್ರವರಿಯ ಬಿರುಗಾಳಿಯನ್ನೇ ತೆಗೆದುಕೊಳ್ಳಿ. ಬಾಸ್ಟನ್‌ನಲ್ಲಿ 27 ಇಂಚು ಬಿತ್ತು. ಜನ ಕೆಲಸಕ್ಕೆ ಹೋದ ಮೇಲೆ ಜೋರಾದ್ದರಿಂದ ಒಂದೇ ಹೆದ್ದಾರಿಯಲ್ಲಿ 3,000ಕ್ಕೂ ಹೆಚ್ಚು ವಾಹನ ಹೂತವು, ಉಬ್ಬರದ ಸಮುದ್ರ ಕರಾವಳಿಯ ಮನೆಗಳನ್ನು ಕಿತ್ತೊಯ್ದಿತು. ಸುಮಾರು ನೂರು ಜನ ಸತ್ತರು. ಮ್ಯಾಸಚೂಸೆಟ್ಸ್‌ನ ಹಿರಿಯರು ಇಂದಿಗೂ ಹೇಳುವುದು ಆ ಬಿರುಗಾಳಿಯ ಕಥೆಯನ್ನೇ. ನೆಸಿಸ್ ಕೊಟ್ಟ ಅಂಕ 5.78, ಅಂದರೆ ಮೂರನೇ ದರ್ಜೆ. ಸೂಚ್ಯಂಕ ತಪ್ಪಿತು ಎಂದು ಇದರ ಅರ್ಥವಲ್ಲ. ಅದು ಅಳೆಯುವುದು ಎಷ್ಟು ನೆಲದ ಮೇಲೆ, ಎಷ್ಟು ಜನರ ನಡುವೆ, ಎಷ್ಟು ಹಿಮ ಎಂಬುದನ್ನು ಮಾತ್ರ. 2018ರ ಆಗಸ್ಟ್ ಕಂಡ ನಮಗೆ ಇದು ಬೇಗ ಅರ್ಥವಾಗುತ್ತದೆ. ವಾಡಿಕೆಯಲ್ಲಿ ಹೆಚ್ಚು ಮಳೆ ಕಾಣುವುದು ತಲಕಾವೇರಿ ಕಡೆ, ಆ ವರ್ಷ ಬೆಟ್ಟಗಳು ಜರಿದದ್ದು ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ.

ಇರಾನಿನ 1972 ಈ ಪಟ್ಟಿಗಳಲ್ಲಿ ಎಲ್ಲಿಯೂ ಇಲ್ಲ, ಏಕೆಂದರೆ ಪಟ್ಟಿಗಳೇ ಅಮೆರಿಕದವು. ಪ್ರಪಂಚಕ್ಕೆಲ್ಲ ಒಂದೇ ದರ್ಜೆ ಎಂಬುದು ಇಲ್ಲದ್ದರಿಂದ, "ಅತಿ ಭೀಕರ" ಎಂಬ ಮಾತು ಕಂಡಾಗ ಯಾವುದರಲ್ಲಿ ಎಂದು ಕೇಳಬೇಕು: ಸಾವಿನಲ್ಲೋ, ಹಿಮದ ಆಳದಲ್ಲೋ, ಗಾಳಿಯಲ್ಲೋ.

ಇನ್ನೊಂದು ಗೊಂದಲ ಬೇಡ. ಈ ದರ್ಜೆಗಳನ್ನು ಕೊಡುವುದು ಬಿರುಗಾಳಿ ಮುಗಿದ ಮೇಲೆ. ನಮ್ಮ ಹವಾಮಾನ ಇಲಾಖೆಯ ಹಳದಿ, ಆರೆಂಜ್, ರೆಡ್ ಅಲರ್ಟ್‌ಗಳಂತೆ ಮುಂಚೆಯೇ ಎಚ್ಚರಿಸಲು ಅಲ್ಲಿ ಬೇರೆ ವ್ಯವಸ್ಥೆಗಳಿವೆ. ಹಿಮ, ಗಾಳಿ, ಮಂಜುಗಡ್ಡೆ ಎಲ್ಲವನ್ನೂ ಸೇರಿಸಿ ಜನಜೀವನಕ್ಕೆ ಎಷ್ಟು ತೊಂದರೆಯಾದೀತೆಂದು ಬಣ್ಣದ ನಕ್ಷೆಯಲ್ಲಿ ತೋರಿಸುತ್ತಾರೆ. "ಬ್ಲಿಝರ್ಡ್ ವಾರ್ನಿಂಗ್" ಎಂದರೆ ಮೇಲೆ ಹೇಳಿದ ಮೂರು ಷರತ್ತು ಪೂರೈಸುವ ಬಿರುಗಾಳಿ ಬರುವುದು ಬಹುತೇಕ ಖಚಿತ, ಮನೆಯಿಂದ ಹೊರಡಬೇಡಿ ಎಂದರ್ಥ.

ಹೊರಡಬೇಡಿ ಎನ್ನಲು ಕಾರಣ ಚಳಿಯೊಂದೇ ಅಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಗಿರಿಧಾಮದಲ್ಲಿ ಹಿಮ ನೋಡಲು ಹೋದ ಇಪ್ಪತ್ತಕ್ಕೂ ಹೆಚ್ಚು ಜನ ರಸ್ತೆಯಲ್ಲಿ ನಿಂತ ಕಾರುಗಳಲ್ಲೇ ಸತ್ತರು. ಬೆಚ್ಚಗಿರಲೆಂದು ಎಂಜಿನ್ ಚಾಲೂ ಇಟ್ಟಾಗ, ಹೊಗೆ ಕೊಳವೆಯನ್ನು ಹಿಮ ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆ ಬಂದಂತೆ ಆಗುತ್ತದೆ ಅಷ್ಟೆ. ಸಿಕ್ಕಿಬಿದ್ದರೆ ಎಂಜಿನ್ ಸ್ವಲ್ಪ ಹೊತ್ತು ಮಾತ್ರ ಓಡಿಸಬೇಕು, ಅದಕ್ಕೂ ಮೊದಲು ಕೊಳವೆಯ ಬಾಯಿ ಬಿಡಿಸಬೇಕು, ಕಿಟಕಿಯನ್ನು ಕೊಂಚ ತೆರೆದಿಡಬೇಕು. ಮಕ್ಕಳು ಹಿಮದ ನಾಡಿನಲ್ಲಿದ್ದರೆ ಈ ಮೂರು ಮಾತನ್ನು ಫೋನಿನಲ್ಲಿ ಒಮ್ಮೆ ಹೇಳಿಬಿಡಿ.

ಪಕ್ಕದ ತೋಟದ ಹಿರಿಯರು ಈಗ ಮಗಳನ್ನು ಎಷ್ಟು ಇಂಚು ಎಂದು ಕೇಳಿ ಸುಮ್ಮನಾಗುವುದಿಲ್ಲ. ಗಾಳಿ ಹೇಗಿದೆ, ಎದುರು ಮನೆ ಕಾಣ್ತದಾ, ಎಂದೂ ಕೇಳುತ್ತಾರೆ. ಮೊನ್ನೆ ಅವರ ಮಳೆ ಡೈರಿ ತೆರೆದಿತ್ತು. ಜನವರಿಯ ಪುಟದಲ್ಲಿ ಸಾಲಾಗಿ ಸೊನ್ನೆಗಳು, ಒಂದು ಸೊನ್ನೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: "ಮಗಳ ಮನೆ 80 ಸೆಂಟ್. ಎದುರು ಮನೆ ಕಾಣುತ್ತದೆ."